ಕೊಲರಾಡೋದಲ್ಲಿ ಬಿಲ್ಲು ಹಿಡಿದು ಎಲ್ಕ್ ಬೇಟೆ: ಬಾಣ ಬಿಟ್ಟಮೇಲೆ ಮಾಂಸ ಕೆಡದಂಗೆ ನೋಡ್ಕೊಳ್ಳೋದು

ಅಮೆರಿಕದ ಕೊಲರಾಡೋ ಬೆಟ್ಟಗಳಲ್ಲಿ ಬಿಲ್ಲು ಬೇಟೆ ಸೀಸನ್ ಸೆಪ್ಟೆಂಬರ್‌ನಲ್ಲಿ, ಎಲ್ಕ್ ಅನ್ನೋ ದೊಡ್ಡ ಜಿಂಕೆಗಳ ಬೆದೆಗಾಲ. ಗಂಡುಗಳು ಕೂಗ್ತಾ ಓಡಾಡ್ತವೆ, ಹತ್ರ ಸಿಗೋದು ಆಗ್ಲೇ, ಆದ್ರೆ ಮಧ್ಯಾಹ್ನ 25 ಡಿಗ್ರಿ ಬಿಸಿಲು ಹೊಡೆಯೋದೂ ಆಗ್ಲೇ. ಅದಕ್ಕೇ ಮೊದಲೇ ಹೇಳ್ತೀನಿ, ಗಾಡಿ ಎಷ್ಟು ದೂರ ಇದೆ, ಹೊರೋಕೆ ಜೊತೆಗೆ ಯಾರಿದಾರೆ ಅಂತ ಲೆಕ್ಕ ಹಾಕದೆ ಬಾಣ ಬಿಡ್ಬೇಡಿ. ದೊಡ್ಡ ಗಂಡು ಎಲ್ಕ್ ಅಂದ್ರೆ 300 ಕೆಜಿ ಆಸುಪಾಸು, ಮೂಳೆ ಬಿಡಿಸಿದಮೇಲೂ 80-100 ಕೆಜಿ ಮಾಂಸ ಇರುತ್ತೆ, ಒಬ್ಬರೇ ಇದ್ರೆ ನಾಲ್ಕೈದು ಸಲ ಬೆಟ್ಟ ಹತ್ತಿ ಇಳೀಬೇಕು. (ಊರಲ್ಲಿರೋರಿಗೆ: ಭಾರತದಲ್ಲಿ 1972ರ ಕಾಯ್ದೆ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ. ಇದು ಅಮೆರಿಕದಲ್ಲಿದ್ದು ಲೈಸೆನ್ಸ್ ತಗೊಂಡಿರೋರಿಗೆ ಮಾತ್ರ.)

ಪ್ರಾಣಿ ಪೂರ್ತಿ ಅಡ್ಡಡ್ಡ ನಿಂತಿರ್ಬೇಕು, ಇಲ್ಲಾ ಸ್ವಲ್ಪ ಆಚೆ ತಿರುಗಿರ್ಬೇಕು. ಮುಂಗಾಲಿನ ಹಿಂದುಗಡೆ, ಎದೆಯ ಕೆಳಗಿನ ಮೂರನೇ ಒಂದು ಭಾಗ, ಅಲ್ಲಿ ಹೊಡೆದ್ರೆ ಎರಡೂ ಶ್ವಾಸಕೋಶ ಸಿಗುತ್ತೆ. ಎದುರಿಗೆ ಮುಖ ಮಾಡಿ ನಿಂತಿದ್ರೆ ಬಿಟ್ಬಿಡಿ, ಎಷ್ಟೇ ದೊಡ್ಡ ಕೊಂಬಿರ್ಲಿ.

ಬಾಣ ಬಿಟ್ಟ ತಕ್ಷಣ ಪ್ರಾಣಿ ಹಿಂದೆ ಓಡೋದೇ ಎಲ್ರೂ ಮಾಡೋ ತಪ್ಪು. ಕೂತ್ಕೊಳ್ಳಿ, ಅದು ಕೊನೇಸಲ ಕಂಡಿದ್ದು ಯಾವ ಮರದ ಹತ್ರ ಅಂತ ನೋಡ್ಕೊಳ್ಳಿ, ಕೊಂಬೆ ಮುರಿಯೋ ಸದ್ದು ಎಲ್ಲಿ ನಿಲ್ತು ಕೇಳಿಸ್ಕೊಳ್ಳಿ, ಫೋನಲ್ಲಿ ಪಿನ್ ಹಾಕಿ. ಆಮೇಲೆ ಸದ್ದಿಲ್ಲದೆ ಹೋಗಿ ಬಾಣ ಹುಡುಕಿ, ಗರಿ ಮೇಲಿರೋದನ್ನ ಬೆರಳಲ್ಲಿ ಮುಟ್ಟಿ ನೋಡಿ, ಮೂಸಿ ನೋಡಿ. ತಿಳಿ ಕೆಂಪು ರಕ್ತ, ಸಣ್ಣ ಸಣ್ಣ ಗುಳ್ಳೆ ಇದ್ರೆ ಶ್ವಾಸಕೋಶಕ್ಕೆ ಬಿದ್ದಿದೆ, ಅರ್ಧ ಗಂಟೆ ಬಿಟ್ಟು ಹೊರಡಿ. ಗಾಢ ಕಪ್ಪು ಕೆಂಪು ಇದ್ರೆ ಲಿವರ್, ನಾಲ್ಕರಿಂದ ಆರು ಗಂಟೆ ಕಾಯ್ಬೇಕು. ಹಸಿರು ಮೆತ್ಕೊಂಡು ನಾತ ಬರ್ತಿದ್ರೆ ಹೊಟ್ಟೆಗೆ ಬಿದ್ದಿದೆ, ಎಂಟು ಹನ್ನೆರಡು ಗಂಟೆ ಬೇಕು.

ಕಷ್ಟ ಬರೋದೇ ಇಲ್ಲಿ, ಕಾದ್ರೆ ಮಾಂಸ ಕೆಡುತ್ತೆ, ಬೇಗ ಹೋದ್ರೆ ಮಲಗಿದ್ದ ಪ್ರಾಣಿ ಎದ್ದು ಕಣಿವೆ ದಾಟಿಬಿಡುತ್ತೆ, ಆಮೇಲೆ ಸಿಗೋದೇ ಇಲ್ಲ. ನನ್ನ ಪ್ರಕಾರ ಹೊಟ್ಟೆಗೆ ಬಿದ್ದಿದ್ರೆ ಮಾಂಸ ಸ್ವಲ್ಪ ಹೋದ್ರೂ ಪರ್ವಾಗಿಲ್ಲ, ಕಾಯ್ಲೇಬೇಕು, ನೋವಲ್ಲಿರೋ ಪ್ರಾಣೀನ ಎಬ್ಬಿಸಿ ಓಡಿಸಿ ಕಳ್ಕೊಳ್ಳೋದು ಎಲ್ಲಕ್ಕಿಂತ ಕೆಟ್ಟದ್ದು. ಆದ್ರೆ ಸಂಜೆ ಹೊಡೆದು ಶ್ವಾಸಕೋಶದ ರಕ್ತ ಕಂಡಿದೆ ಅಂದ್ರೆ ಬೆಳಗ್ಗೆ ನೋಡೋಣ ಅನ್ಬೇಡಿ, ಹೆಡ್‌ಲ್ಯಾಂಪ್ ಹಾಕ್ಕೊಂಡು ಆ ರಾತ್ರೀನೇ ಹೋಗಿ. ರಕ್ತ ಕಂಡ ಕಡೆಯೆಲ್ಲ ಬಣ್ಣದ ಟೇಪ್ ಕಟ್ಕೊಂಡು ಹೋಗಿ, ಹೆಜ್ಜೆ ಮೇಲೆ ಮಾತ್ರ ಕಾಲಿಡ್ಬೇಡಿ, ಪಕ್ಕದಲ್ಲಿ ನಡೀರಿ. ರಕ್ತ ನಿಂತೋದ್ರೆ ಇಳಿಜಾರು, ನೀರಿನ ಕಡೆ ಹುಡುಕಿ. ಬೆಳಗ್ಗೆ ಆಗಿದ್ರೆ ಕಾಗೆಗಳು ಎಲ್ಲಿ ಸೇರ್ತಿವೆ ಅಂತಾನೂ ನೋಡಿ.

ರಾತ್ರಿ ಚಳಿ ಇದೆ, ಮಾಂಸ ತಾನೇ ತಣ್ಣಗಾಗುತ್ತೆ ಅಂತ ತುಂಬಾ ಜನ ಅಂದ್ಕೋತಾರೆ. ಆಗಲ್ಲ. ಸತ್ತ ಎಲ್ಕ್ ಒಳಗೆ 38-39 ಡಿಗ್ರಿ ಇರುತ್ತೆ, ಆ ದಪ್ಪ ಕೂದಲಿನ ಚರ್ಮ ಕಂಬಳಿ ಹೊದಿಸಿದಂಗೆ ಶಾಖ ಹಿಡ್ಕೊಂಡಿರುತ್ತೆ. ಮೊದಲು ಕೆಡೋದು ಹಿಂಗಾಲಿನ ತೊಡೆಮೂಳೆ ಸೊಂಟಕ್ಕೆ ಸೇರೋ ಜಾಗ, ಹೊರಗಿಂದ ಚೆನ್ನಾಗೇ ಕಾಣುತ್ತೆ, ಚಾಕು ಹಾಕಿದ್ರೆ ಮೂಳೆ ಸುತ್ತ ಹಸಿರು ಬಣ್ಣ, ಹುಳಿ ವಾಸನೆ. ಹಾಗಾಗಿ ಸಿಕ್ಕಿದ ಕೂಡಲೇ ಲೈಸೆನ್ಸ್ ಜೊತೆ ಬಂದಿರೋ ಟ್ಯಾಗ್ ಹಾಕಿ, ಫೋಟೋ ಒಂದೆರಡು ಸಾಕು, ಚಾಕು ತೆಗೀರಿ.

ಹೊಟ್ಟೆ ಸೀಳೋದೇ ಬೇಡ. ಬೆನ್ನ ಉದ್ದಕ್ಕೂ ಕೊಯ್ದು ಒಂದು ಮಗ್ಗುಲಿನ ಚರ್ಮ ಸುಲೀರಿ, ಮುಂಗಾಲು ಹಿಂಗಾಲು ಬಿಡಿಸಿ, ಬೆನ್ನಿನ ಮಾಂಸ, ಕುತ್ತಿಗೆ ತೆಗೀರಿ, ಕೊನೇ ಪಕ್ಕೆಲುಬಿನ ಹಿಂದಿಂದ ಕೈ ಹಾಕಿದ್ರೆ ಬೆನ್ನುಮೂಳೆ ಒಳಬದಿಯ ಮೆತ್ತನೆ ಮಾಂಸ, ಟೆಂಡರ್‌ಲಾಯಿನ್, ಸಿಗುತ್ತೆ, ಆಮೇಲೆ ಹೊರಳಿಸಿ ಇನ್ನೊಂದು ಮಗ್ಗುಲು. ತೊಡೆನ ಮೂಳೆವರೆಗೂ ಸೀಳಿ ತೆರೆದಿಡಿ, ಶಾಖ ಹೋಗ್ಲಿ. ಗಂಡೋ ಹೆಣ್ಣೋ ಅಂತ ತೋರಿಸೋ ಭಾಗ ಮಾಂಸಕ್ಕೆ ಅಂಟ್ಕೊಂಡೇ ಇರ್ಬೇಕು, ಅದು ಕಾನೂನು, ಕೊಯ್ದು ಹಾಕ್ಬಿಡ್ಬೇಡಿ.

ತುಂಬೋಕೆ ಗಾಳಿ ಆಡೋ ಬಟ್ಟೆ ಚೀಲಾನೇ ಆಗ್ಬೇಕು, ಪ್ಲಾಸ್ಟಿಕ್ ಕವರ್‌ಗೆ ಹಾಕಿದ್ರೆ ಬೆವತು ಕೆಡುತ್ತೆ. ತೊರೆ ಪಕ್ಕದ ನೆರಳಲ್ಲಿ, ತಂಗಾಳಿ ಬೀಸೋ ಕಡೆ ಮರಕ್ಕೆ ನೇತು ಹಾಕಿ, ಕರುಳು ಸಮೇತ ಉಳಿದ ದೇಹ ಬಿದ್ದಿರೋ ಜಾಗದಿಂದ ನೂರು ಮೀಟರ್ ಆದ್ರೂ ದೂರ, ಯಾಕಂದ್ರೆ ಕರಡಿ ಮೊದಲು ಬರೋದು ಅಲ್ಲಿಗೇ. ಮತ್ತೆ ವಾಪಸ್ ಬರೋವಾಗ ದೂರದಿಂದಲೇ ಜೋರಾಗಿ ಮಾತಾಡ್ತಾ ಬನ್ನಿ. ಮೊದಲ ಹೊರೆಯಲ್ಲಿ ಹಿಂಗಾಲುಗಳು ಹೋಗ್ಲಿ, ಬೇಗ ಕೆಡೋದು ಅವೇ. ಗಾಡಿಯಲ್ಲಿ ಕೂಲರ್ ಇಟ್ಟು ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ತಂದಿಟ್ಟಿರಿ, ಐಸ್ ಕರಗಿದ್ರೂ ಮಾಂಸ ನೆನೆಯಲ್ಲ.

ಮನೆಗೆ ಬಂದಮೇಲೆ ತಲೆನ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆ ಜಾತಿಗೆ ಬರೋ ಮಿದುಳಿನ ರೋಗ) ಟೆಸ್ಟ್‌ಗೆ ಕೊಡಿ, ಆ ರೋಗ ಬೇಯಿಸಿದ್ರೂ ಹೋಗಲ್ಲ. ರಿಪೋರ್ಟ್ ಬರೋವರೆಗೂ ಪ್ಯಾಕೆಟ್ ಮೇಲೆ ಹೆಸರು ಬರೆದು ಫ್ರೀಜರಲ್ಲಿಡಿ, ಯಾರಿಗೂ ಹಂಚ್ಬೇಡಿ.