ಅಕ್ಕ ನಾಳೆ ಬರ್ಲಿಲ್ಲಾಂದ್ರೆ ಅಣ್ಣಂಗೆ ಊಟ ಮಾಡ್ಸೋರ್ಯಾರು?

ನಮ್ಮನೆ ದಾವಣಗೆರೆ ನಿಟ್ಟುವಳ್ಳಿ ಕಡೆ. ನಮ್ಮಣ್ಣಂಗೆ ನಲವತ್ತು ದಾಟೈತೆ, ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದ್ರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ), ಮಾತು ನಾಕೈದೇ, ಆಗಾಗ ಫಿಟ್ಸ್ ಬರ್ತದೆ. ಹಗಲೊತ್ತು ನೋಡ್ಕೊಳ್ಳಾಕೆ ಹರಿಹರದಿಂದ ಒಬ್ರು ಅಕ್ಕ ಬರ್ತಾರೆ, 2014ರಿಂದ ಅವ್ರೇ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದ್ರಲ್ಲ, ಮಾರನೇ ದಿನ ಬಸ್ಸೂ ಇಲ್ಲ ಅಕ್ಕನೂ ಇಲ್ಲ. ಏನ್ ಮಹಾ, ನಮ್ಮಣ್ಣ ತಾನೆ ಅಂತ ನಾನೇ ರಾಗಿ ಗಂಜಿ ಕಲಸ್ಕೊಂಡು ಕೂತೆ. ಮೂರನೇ ಚಮಚಕ್ಕೆ ಕೆಮ್ಮು ಹತ್ತಿ ಕಣ್ಣಾಗೆಲ್ಲಾ ನೀರು, ಮುಖ ಕೆಂಪಗೆ, ನಂಗೆ ಕೈಕಾಲೇ ಆಡ್ಲಿಲ್ಲ. ಅಕ್ಕಂಗೆ ಫೋನ್ ಮಾಡಿದ್ರೆ ಅವ್ರು ಕೇಳಿದ್ದು ಒಂದೇ, "ಚಮಚ ಯಾವ ಕಡೆಯಿಂದ ಹಾಕ್ತಿದೀರಿ? ಬಲಗಡೆ ಅವ್ರಿಗೆ ನಾಲಿಗೆ ಓಡಲ್ಲ, ಎಡಗಡೆಯಿಂದ ಹಾಕ್ರಿ, ಗಂಟ್ಲು ಮೇಲೆ ಕೆಳಗೆ ಆಡಿದ್ಮೇಲೆ ಇನ್ನೊಂದು ಹಾಕ್ರಿ." ಒಂದೇ ಮನೆಯಾಗೆ ಹುಟ್ಟಿ ಬೆಳೆದ ನಂಗೆ ಇದು ಗೊತ್ತಿರ್ಲಿಲ್ಲ ನೋಡ್ರಿ.

ಅದ್ಕೇ ಇದನ್ನ ಬರೀತಿರೋದು. ಕೋವಿಡ್ ತುರ್ತು ಪರಿಸ್ಥಿತಿ ಮುಗೀತು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಾಗೆ ಹೇಳೈತೆ, ಸರಿ, ಆದ್ರೆ ಇನ್ನೊಂದು ಬರಲ್ಲ ಅಂತ ಯಾರೂ ಬರ್ಕೊಟ್ಟಿಲ್ಲ. ಮನೆಯಾಗೆ ದೊಡ್ಡೋರಾದ ವಿಕಲಚೇತನರು ಇದ್ದು, ಅವ್ರನ್ನ ನೋಡ್ಕೊಳ್ಳಾಕೆ ಆಯಾನೋ ಅಟೆಂಡರೋ ಹೋಂ ನರ್ಸೋ ಇದ್ರೆ, ಅಥವಾ ನೀವೇ ಹತ್ತು ಜನರನ್ನ ಇಟ್ಕೊಂಡು ಸಣ್ಣ ವಸತಿ ಕೇಂದ್ರ ನಡೆಸ್ತಿದ್ರೆ, ಈಗ್ಲೇ ಮಾಡಿಟ್ಕೊಳ್ಳೋ ಕೆಲ್ಸ ಒಂದಿಷ್ಟು ಅದಾವೆ.

ಮೊದ್ಲು ಸಂಬಳದ ಮಾತು

ಎಲ್ರೂ ಸ್ಯಾನಿಟೈಸರಿಂದ ಶುರು ಮಾಡ್ತಾರೆ, ನಾನು ಸಂಬಳದಿಂದ ಶುರು ಮಾಡ್ತೀನಿ. ಜ್ವರ ಬಂತು ಅಂತ ಹೇಳಿದ್ರೆ ಆ ದಿನದ ದುಡ್ಡು ಹೋಗ್ತದೆ ಅಂತಿದ್ರೆ ಯಾವ ಆಯಾನೂ ಹೇಳಲ್ಲ, ಒಂದು ಪ್ಯಾರಾಸಿಟಮಾಲ್ ನುಂಗಿ ಕೆಲ್ಸಕ್ಕೆ ಬರ್ತಾರೆ, ಮನೆಯಾಗೆ ಮಕ್ಳು ಇರ್ತಾವೆ, ಸಂಘದ ಸಾಲದ ಕಂತು ಇರ್ತದೆ, ತಪ್ಪು ಅವ್ರದ್ದಲ್ಲ. ನಾವು ಒಂದು ಚೀಟಿ ಬರೆದು ಸೈನ್ ಹಾಕಿ ಕೊಟ್ವಿ: ಜ್ವರ, ಕೆಮ್ಮು, ಮನೆಯಾಗೆ ಯಾರಿಗಾದ್ರೂ ಪಾಸಿಟಿವ್, ಏರಿಯಾ ಸೀಲ್‌ಡೌನ್, ಈ ನಾಕರಾಗೆ ಯಾವ್ದಾದ್ರೂ ಇದ್ರೆ ಬರ್ಬೇಡ್ರಿ, ಸಂಬಳ ಪೂರ್ತಿ. ಬಾಯಿಮಾತಾಗೆ ಹೇಳಿದ್ದಕ್ಕೂ ಬರೆದು ಕೊಟ್ಟಿದ್ದಕ್ಕೂ ಎಷ್ಟು ವ್ಯತ್ಯಾಸ ಅಂದ್ರೆ, ಚೀಟಿ ಕೊಟ್ಟ ಎಂಟನೇ ದಿನಕ್ಕೆ ಅಕ್ಕ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ "ನಮ್ಮನೆಯವ್ರಿಗೆ ಮೈ ಬಿಸಿ ಐತ್ರಿ, ನಾನು ಬರಲ್ಲ" ಅಂದ್ರು. ಅದಕ್ಕೂ ಮುಂಚೆ ಅಂಥ ಫೋನ್ ಒಂದೂ ಬಂದಿರ್ಲಿಲ್ಲ. ಎನ್95 ಮಾಸ್ಕು ಆಮೇಲೆ, ಈ ಚೀಟಿ ಮೊದ್ಲು.

ಓಡಾಟದ್ದೂ ಹಂಗೇ. ಶೇರ್ ಆಟೋದಾಗೆ ಹತ್ತು ಜನರ ಜೊತೆ ಕೂತು ಬಂದು ಅಣ್ಣನ ಮುಖದ ಹತ್ರ ಬಗ್ಗೋದಕ್ಕಿಂತ ಅವ್ರ ಮಗನ ಬೈಕಿಗೆ ಪೆಟ್ರೋಲ್ ಹಾಕ್ಸೋದು ನಮಗೆ ಸಸ್ತಾ ಬಿತ್ತು. ಪಾಸ್ ವಿಷಯ ತಿಳ್ಕೊಂಡಿರ್ರಿ, ವಿಕಲಚೇತನರನ್ನ ನೋಡ್ಕೊಳ್ಳೋರಿಗೆ ಲಾಕ್‌ಡೌನ್‌ನಿಂದ ವಿನಾಯಿತಿ ಕೊಡ್ಬೇಕು ಇಲ್ಲಾ ಸುಲಭವಾಗಿ ಪಾಸ್ ಕೊಡ್ಬೇಕು ಅಂತ ಕೇಂದ್ರ ಸರ್ಕಾರ 2020ರ ಮಾರ್ಚ್ ಕೊನೇಲೇ ಮಾರ್ಗಸೂಚಿ ಹೊರಡಿಸಿತ್ತು. ನಮಗೆ ಗೊತ್ತಾಗೋ ಹೊತ್ತಿಗೆ ಮೂರು ವಾರ ಆಗಿತ್ತು, ಅದು ಬೇರೆ ಮಾತು. ಅಣ್ಣನ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸು, ಅಕ್ಕನ ಆಧಾರು, "ಇವ್ರು ಇಂಥವ್ರನ್ನ ನೋಡ್ಕೊಳ್ತಾರೆ" ಅಂತ ನಮ್ಮ ಒಂದು ಪತ್ರ, ಈ ಮೂರನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಅಕ್ಕನ ಬ್ಯಾಗಾಗೆ ಇಟ್ಟಿದೀವಿ, ಇವತ್ತಿಗೂ ಅಲ್ಲೇ ಐತೆ.

ಕೈಯಾಗಿರೋದು ಹಾಳೆ ಮೇಲೆ ಬರ್ಬೇಕು

ಎಂಟತ್ತು ವರ್ಷ ನೋಡ್ಕೊಂಡೋರ ಕೈಗೆ ಗೊತ್ತಿರೋದು ಅವ್ರ ಬಾಯಿಗೇ ಸರಿಯಾಗಿ ಗೊತ್ತಿರಲ್ಲ. "ಏನೇನ್ ಮಾಡ್ತೀರಿ ಹೇಳ್ರಿ ಅಕ್ಕ" ಅಂದ್ರೆ "ಏನೈತ್ರಿ, ಸ್ನಾನ, ಊಟ, ಮಾತ್ರೆ" ಅಂತಾರೆ, ಮುಗೀತು. ಅದ್ಕೆ ಕೇಳಾಕೆ ಹೋಗ್ಬೇಡ್ರಿ, ಒಂದು ದಿನ ಪೂರ್ತಿ ಪಕ್ಕದಾಗೆ ಕೂತು ನೋಡಿ ಬರ್ಕೊಳ್ರಿ. ನಂಗೆ ಸಿಕ್ಕಿದ್ದು ಎರಡು ಹಾಳೆ. ಅಣ್ಣ ಎಡಗೈ ಮುಷ್ಟಿ ಕಟ್ಟಿ ಕಿವಿಗೆ ಒತ್ಕೊಂಡ್ರೆ ಹೊಟ್ಟೆನೋವು, ಕಿವಿನೋವಲ್ಲ. ಎತ್ತೋವಾಗ ಮೊದ್ಲು "ಒಂದು ಎರಡು" ಅಂತ ಹೇಳ್ಬೇಕು, ಹೇಳ್ದೆ ಎತ್ತಿದ್ರೆ ಮೈಯೆಲ್ಲಾ ಸೆಟೆದು ಇಬ್ರೂ ಬೀಳ್ತಾರೆ. ಮಾತ್ರೆನ ಬಾಳೆಹಣ್ಣಾಗೆ ಇಟ್ರೆ ಉಗಿತಾನೆ, ಬೆಲ್ಲದ ಪಾನಕದಾಗೆ ಆಗ್ತದೆ (ಯಾವ ಮಾತ್ರೆ ಪುಡಿ ಮಾಡ್ಬಹುದು ಅಂತ ಡಾಕ್ಟ್ರನ್ನ ಕೇಳ್ಕೊಂಡೇ ಮಾಡ್ರಿ, ಫಿಟ್ಸಿನ ಕೆಲವು ಮಾತ್ರೆ ಹಂಗೇ ನುಂಗ್ಬೇಕು). ಇದ್ಯಾವ್ದೂ ಡಿಸ್ಚಾರ್ಜ್ ಸಮ್ಮರಿಯಾಗೆ ಇರಲ್ಲ.

ಜೊತೆಗೆ ವಿಡಿಯೋ. ಊಟ ಮಾಡ್ಸೋದು, ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತೋದು, ಮಾತ್ರೆ ಕೊಡೋದು, ಒಂದೊಂದು ಎರಡು ನಿಮಿಷದ್ದು ಸಾಕು. ಸ್ನಾನ, ಬಟ್ಟೆ ಬದ್ಲಾಯ್ಸೋದು ವಿಡಿಯೋ ಮಾಡ್ಬಾರ್ದು, ಅದನ್ನ ಪಕ್ಕ ನಿಂತೇ ಕಲೀಬೇಕು. ತೆಗೆಯೋಕೆ ಮುಂಚೆ ಅವ್ರನ್ನೇ ಕೇಳ್ರಿ, ಮಾತು ಬರ್ದೇ ಇದ್ರೂ ಮುಖ ತಿರುಗ್ಸಿದ್ರೆ ಬೇಡ ಅಂತ್ಲೇ ಅರ್ಥ. ಅದು ಫ್ಯಾಮಿಲಿ ಗ್ರೂಪಿಗೆ ಹೋಗ್ಬಾರ್ದು, ಸ್ಟೇಟಸ್ಸಿಗಂತೂ ಸುತಾರಾಂ ಬೇಡ.

ಬದಲಿ ಜನ ಯಾರು ಅಂತ ಹೆಸರು ಬರೆದಿಡೋದು ಸಾಲಲ್ಲ, ತಿಂಗಳಿಗೊಂದ್ಸಲ ಅರ್ಧ ದಿನ ಅವ್ರು ಬಂದು ಕೈಯಾರೆ ಮಾಡ್ಬೇಕು, ದುಡ್ಡು ಕೊಟ್ಟು ಕರೀರಿ, ಪುಕ್ಸಟ್ಟೆ ಕರೆದ್ರೆ ಮೂರನೇ ತಿಂಗ್ಳಿಗೆ ಬರಲ್ಲ. ಹೆಣ್ಮಕ್ಕಳನ್ನ ನೋಡ್ಕೊಳ್ಳೋ ಬದಲಿ ಹೆಣ್ಮಗಳೇ ಇರ್ಬೇಕು, ಕಷ್ಟಕಾಲ ಅಂತ ಇದ್ರಾಗೆ ಅಡ್ಜಸ್ಟ್ ಮಾಡ್ಕೋಬೇಡ್ರಿ. ವಸತಿ ಕೇಂದ್ರ ಇದ್ರೆ ಸ್ಟಾಫನ್ನ ಎರಡು ತಂಡ ಮಾಡಿ ಒಂದು ತಂಡ ವಾರ ಪೂರ್ತಿ ಅಲ್ಲೇ ಇರ್ಲಿ, ಒಂದಕ್ಕೊಂದು ಮುಖ ನೋಡೋದೇ ಬೇಡ, ಒಬ್ರಿಗೆ ಪಾಸಿಟಿವ್ ಬಂದ್ರೆ ಎಲ್ಲಾರೂ ಒಟ್ಟಿಗೆ ಮಲಗಲ್ಲ. ಆದ್ರೆ ಅಲ್ಲೇ ಇರ್ರಿ ಅಂದ್ಮೇಲೆ ಫ್ಯಾನ್ ಇರೋ ರೂಮು, ಚಾರ್ಜರ್ ಪಾಯಿಂಟು, ಮನೆಗೆ ಫೋನ್ ಮಾಡಾಕೆ ಹೊತ್ತು, ಹೆಚ್ಚಿನ ಭತ್ಯೆ ಕೊಡ್ಬೇಕು. ಅಡುಗೆಮನೆ ಮೂಲೇಲಿ ಚಾಪೆ ಹಾಕಿ ಮಲಗಿಸೋದಲ್ಲ.

ಹತ್ರ ಬರ್ದೇ ಇರಾಕಾಗಲ್ಲ

ಆರಡಿ ದೂರ ಅಂತ ರೇಡಿಯೋದಾಗೆ ಹೇಳೋರು, ಡಯಾಪರ್ ಬದ್ಲಾಯ್ಸೋರಿಗೆ ಆರಡಿ ಎಲ್ಲಿಂದ ತರಾದು? ಹತ್ರ ಹೋಗೋದು ಇದ್ದಿದ್ದೇ, ಹತ್ರ ಹೋದಾಗ ಗಾಳಿ ಆಡ್ಬೇಕು, ಮಾಸ್ಕ್ ಸರಿ ಕೂತಿರ್ಬೇಕು, ಹೊತ್ತು ಕಮ್ಮಿ ಇರ್ಬೇಕು. ಹೆಚ್ಚು ಅಪಾಯ ಊಟ ಮಾಡ್ಸೋವಾಗ, ಹಲ್ಲುಜ್ಜೋವಾಗ, ಕಫ ತೆಗೆಯೋವಾಗ, ಯಾಕಂದ್ರೆ ಅವ್ರಿಗೆ ಮಾಸ್ಕಿರಲ್ಲ, ಕೆಮ್ಮಿದ್ರೆ ನೇರ ಮುಖಕ್ಕೆ. ಎದುರಿಗೆ ಕೂರ್ಬೇಡ್ರಿ, ಪಕ್ಕಕ್ಕೆ ಸ್ವಲ್ಪ ಹಿಂದೆ ಕೂತ್ಕೊಂಡು ಊಟ ಮಾಡ್ಸ್ರಿ, ಎರಡೂ ಕಡೆ ಕಿಟಕಿ ತೆಗೀರಿ. ಊಟ ಆದ್ಮೇಲೆ ಅರ್ಧ ಗಂಟೆ ಕೂತೇ ಇರ್ಲಿ, ತಕ್ಷಣ ಮಲಗಿಸಿದ್ರೆ ಅನ್ನ ಶ್ವಾಸಕೋಶಕ್ಕೆ ಹೋಗಿ ಬರೋ ನ್ಯುಮೋನಿಯಾ ಕೋವಿಡ್‌ಗಿಂತ ಏನೂ ಕಮ್ಮಿ ಅಲ್ಲ.

ಮಾಸ್ಕ್ ತಾನೇ ತೆಗೆಯಾಕೆ ಬರ್ದೇ ಇರೋರಿಗೆ, ಜೊಲ್ಲು ಸುರಿದು ಒದ್ದೆ ಆಗೋರಿಗೆ ಮಾಸ್ಕ್ ಹಾಕ್ಲೇಬಾರ್ದು, ಉಸಿರು ಕಟ್ತದೆ, ಅವ್ರ ಪಾಲಿನ ಮಾಸ್ಕೂ ನೋಡ್ಕೊಳ್ಳೋರ ಮುಖದ ಮೇಲೆ ಇರ್ಲಿ. ಕಿವಿ ಕೇಳ್ದೇ ಇರೋರು ತುಟಿ ನೋಡಿ ಅರ್ಥ ಮಾಡ್ಕೊಳ್ಳೋರು, ಅಂಥವ್ರ ಹತ್ರ ಮಾಸ್ಕ್ ಹಾಕ್ಕೊಂಡು ಕಿರುಚಿದ್ರೆ ಪ್ರಯೋಜನ ಇಲ್ಲ, ಪಾರದರ್ಶಕ ಮಾಸ್ಕು ಇಲ್ಲಾ ಸ್ಲೇಟು ಬಳಪ. ಕಣ್ಣು ಕಾಣ್ದೇ ಇರೋರು ಮುಟ್ಟೇ ತಿಳ್ಕೊಳ್ಳೋದು, ಅವ್ರ ಬಿಳಿ ಕೋಲಿನ ಹಿಡಿ, ಗಾಲಿಕುರ್ಚಿ ಆದ್ರೆ ಕೈಯಿಂದ ತಳ್ಳೋ ರಿಂಗು, ಇವನ್ನ ಹೊರಗಿಂದ ಬಂದ ತಕ್ಷಣ ಸೋಪುನೀರಾಗೆ ಒರೆಸ್ರಿ. ಕೈ ಬಾಯಿಗೆ ಹಾಕ್ಕೊಳ್ಳೋರಿಗೆ ಸ್ಯಾನಿಟೈಸರ್ ಬೇಡ, ಸೋಪೇ. ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯೋ ಆಸಿಡ್ ಸೇರಿಸ್ಬೇಡ್ರಿ, ವಿಷಗಾಳಿ ಏಳ್ತದೆ.

ಮಾಸ್ಕಿಂದ ಆದ ಇನ್ನೊಂದು ಫಜೀತಿ ಅಂದ್ರೆ ಅಕ್ಕ ವಾಪಸ್ ಬಂದ ದಿನ ಅಣ್ಣ ಅವ್ರನ್ನ ಗುರುತೇ ಹಿಡೀಲಿಲ್ಲ, ಗೋಡೆ ಕಡೆ ತಿರುಗಿಬಿಟ್ಟ. ಆಮೇಲೆ ಅಕ್ಕ ಬಾಗ್ಲಾಗೇ ದೂರ ನಿಂತು ಮಾಸ್ಕ್ ಇಳ್ಸಿ ನಕ್ಕು, "ಸಾಮಿ" ಅಂತ ಯಾವಾಗ್ಲೂ ಕರೆಯೋ ಹಂಗೆ ಕರೆದು, ಆಮೇಲೆ ಮಾಸ್ಕ್ ಏರ್ಸಿ ಒಳಗೆ ಬರಾಕೆ ಶುರು ಮಾಡಿದ್ರು. ಕೊರಳಿಗೆ ನಗ್ತಿರೋ ಫೋಟೋ ಒಂದು ಲ್ಯಾಮಿನೇಟ್ ಮಾಡ್ಸಿ ತೂಗಾಕೊಂಡ್ರು. ನಾಕು ದಿನಕ್ಕೆ ಸರಿಹೋಯ್ತು.

ದಿನಚರಿನೂ ಔಷಧಿನೇ. ಸಂಜೆ ನಾಕಕ್ಕೆ ಮಿರ್ಚಿ ಮಂಡಕ್ಕಿ ಗಾಡಿ ಹತ್ರ ಗಾಲಿಕುರ್ಚಿ ತಳ್ಕೊಂಡು ಹೋಗೋದು ಅಣ್ಣಂಗೆ ಎಷ್ಟೋ ವರ್ಷದ ರೂಢಿ, ತಿನ್ನೋದು ಅಷ್ಟರಾಗೇ ಐತೆ, ನೋಡಾದೇ ಖುಷಿ. ಗಾಡಿ ನಿಂತ್ಮೇಲೆ ನಾಕಾದ್ರೆ ಕೂಗಾಟ. ಅಕ್ಕ ನಾಕಕ್ಕೆ ಸರಿಯಾಗಿ ಕುರ್ಚಿನ ಕಟ್ಟೆಗೆ ತಂದು, ಪೇಪರ್ ಪೊಟ್ಟಣದಾಗೆ ಮಂಡಕ್ಕಿ ಹಾಕಿ ಕೈಗೆ ಕೊಟ್ರು, ಅದನ್ನ ಗಲಗಲ ಅಲ್ಲಾಡಿಸ್ಕೊಂಡು ರಸ್ತೆ ನೋಡ್ತಾ ಕೂರ್ತಿದ್ದ. ನಿಮ್ಮನೆಯಾಗೆ ಅದು ಏನೈತೋ ಹುಡುಕ್ರಿ. ಏನಾಗ್ತೈತೆ ಅಂತ ಅವ್ರಿಗೂ ಹೇಳ್ರಿ, ನಲವತ್ತು ವರ್ಷದೋರನ್ನ ಮಗು ಮಗು ಅಂದ್ಕೊಂಡು ಸುಳ್ಳು ಹೇಳೋದು ನಂಗೆ ಆಗಿಬರಲ್ಲ.

ಜ್ವರ ಅಂತ ಬಾಯಿಬಿಟ್ಟು ಹೇಳ್ದೇ ಇರೋರಿಗೆ

ಆರು ನಿಮಿಷ ನಡೆಸಿ ಆಕ್ಸಿಜನ್ ನೋಡ್ರಿ ಅಂತ ಎಲ್ಲಾ ಕಡೆ ಹೇಳ್ತಿದ್ರು, ನಡೆಯಾಕೇ ಬರ್ದೇ ಇರೋರಿಗೆ ಅದೆಲ್ಲಿ? ಹೊಟ್ಟೆ ಏರಿ ಇಳಿಯೋದು ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ರಿ. ದೊಡ್ಡೋರಿಗೆ ಸಾಮಾನ್ಯ 12ರಿಂದ 20, 24 ಮುಟ್ಟಿದ್ರೆ ಡಾಕ್ಟ್ರಿಗೆ ಫೋನ್. ಚೆನ್ನಾಗಿರೋವಾಗ ಎಷ್ಟಿರ್ತದೆ ಅಂತ ಮೊದ್ಲೇ ಬರೆದಿಟ್ಟಿದ್ರೆ ಹೋಲಿಸಾಕೆ ಬರ್ತದೆ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರ್ಸಿದ್ರೂ ಫೋನ್, ಆದ್ರೆ ಕೈ ತಣ್ಣಗಿದ್ರೆ, ಬೆರಳು ಮಡಚ್ಕೊಂಡಿದ್ರೆ, ಉಗುರಿಗೆ ಬಣ್ಣ ಇದ್ರೆ ಅದು ಸುಳ್ಳೂ ಹೇಳ್ತದೆ. ಅಣ್ಣಂಗೆ ಮೊದಲ್ನೇ ಸಲ 86 ತೋರಿಸ್ತು, ನಮ್ಮಮ್ಮ ದೇವ್ರ ಮನೆಗೆ ಓಡಿದ್ರು, ಅಕ್ಕ ಸುಮ್ನೆ ಅವ್ನ ಕೈನ ತಮ್ಮೆರಡು ಕೈಯಾಗೆ ಉಜ್ಜಿ ಬಿಸಿ ಮಾಡಿ ಬೇರೆ ಬೆರಳಿಗೆ ಹಾಕಿ ತಡೆದ್ರು, 97. ಎರಡನೇ ಸಲನೂ ಕಮ್ಮಿ ಬಂದ್ರೆ ಮಾತ್ರ ಕಾಯ್ಬೇಡ್ರಿ. ಊಟ ಬೇಡ ಅನ್ನೋದು, ಹಗಲೆಲ್ಲಾ ತೂಕಡಿಸೋದು, ಫಿಟ್ಸ್ ಜಾಸ್ತಿ ಆಗೋದು, ಇವೂ ಲಕ್ಷಣನೇ. ಇದನ್ನ ಮೊದ್ಲು ಕಂಡು ಹಿಡಿಯೋದು ಡಾಕ್ಟ್ರೂ ಅಲ್ಲ ನಾವೂ ಅಲ್ಲ, ದಿನಾ ನೋಡೋ ಆಯಾನೇ, ಅವ್ರು "ಇವತ್ತು ಯಾಕೋ ಸರಿ ಇಲ್ರಿ" ಅಂದ್ರೆ ಅದನ್ನ ನಂಬ್ರಿ.

ಡೌನ್ ಸಿಂಡ್ರೋಮ್ ಇರೋ ದೊಡ್ಡೋರಿಗೆ ಇನ್ನೂ ಹುಷಾರು, ಅವ್ರನ್ನ ಬ್ರಿಟನ್ನಾಗೆ 2020ರ ನವೆಂಬರ್‌ನಾಗೇ ಹೆಚ್ಚು ಅಪಾಯದ ಪಟ್ಟಿಗೆ ಸೇರ್ಸಿದ್ರು. ಫಿಟ್ಸಿನ ಮಾತ್ರೆ ಒಂದು ತಿಂಗಳದ್ದು ಹೆಚ್ಚಿಗೆ ಇರ್ಲಿ, ಥಟ್ಟನೆ ನಿಲ್ಸಿದ್ರೆ ಜೀವಕ್ಕೇ ಬರ್ತದೆ. ಕೋವಿಡ್‌ಗೆ ಕೊಡೋ ಪ್ಯಾಕ್ಸ್‌ಲೋವಿಡ್ ಥರದ ಮಾತ್ರೆಗೂ ಫಿಟ್ಸಿಗೆ ಕೊಡೋ ಕಾರ್ಬಮಜೆಪೈನ್, ಫೆನಿಟಾಯಿನ್, ಫೀನೋಬಾರ್ಬಿಟೋನ್‌ಗೂ ಆಗಿಬರಲ್ಲ, ಹೊಸ ಡಾಕ್ಟ್ರು ಯಾರೇ ಸಿಗ್ಲಿ ಮೊದ್ಲು ಮಾತ್ರೆ ಪಟ್ಟಿ ಕೈಗೆ ಕೊಡ್ರಿ.

ಆಸ್ಪತ್ರೆಗೆ ಹೋಗೋ ಹಾಳೆ

2021ರ ಮೇ ತಿಂಗಳು ಅಣ್ಣಂಗೂ ಬಂತು. ನಾವು ಹೋದ ಆಸ್ಪತ್ರೆಯಾಗೆ ಪೇಷಂಟ್ ಒಬ್ರನ್ನೇ ಬಿಡ್ರಿ, ಜೊತೆಗೆ ಯಾರೂ ಇಲ್ಲ ಅಂದ್ರು. ನೀರು ಬೇಕು ಅಂತ ಹೇಳಾಕೆ ಬರ್ದೇ ಇರೋನನ್ನ ಒಬ್ಬನ್ನೇ ಹೆಂಗೆ ಬಿಡಾದು? ಕೂಗಾಡಿದ್ರೆ ಏನೂ ಆಗಲ್ಲ, ಅವ್ರೂ ಮೂರು ದಿನ ನಿದ್ದೆ ಮಾಡಿರ್ಲಿಲ್ಲ. ಕೆಲ್ಸ ಮಾಡಿದ್ದು ಹಾಳೆ. ಮೇಲ್ಗಡೆ ದಪ್ಪ ಅಕ್ಷರದಾಗೆ "ಮಾತು ಬರಲ್ಲ, ಒಬ್ರೇ ಊಟ ಮಾಡಿದ್ರೆ ನೆತ್ತಿಗೆ ಹತ್ತಿ ಉಸಿರು ಕಟ್ತದೆ", ಕೆಳಗೆ ಮಾತ್ರೆ, ಅಲರ್ಜಿ, ನೋವಾದ್ರೆ ಏನ್ ಮಾಡ್ತಾನೆ, ಸಿಟ್ಟು ಬಂದಾಗ ಹೆಂಗೆ ಸಮಾಧಾನ ಮಾಡಾದು, ಎರಡು ಫೋನ್ ನಂಬರ್. ಕೊನೇಗೆ "ನೋಡ್ಕೊಳ್ಳೋರು ಜೊತೆಗೆ ಬೇಕೇ ಬೇಕು, ಅವ್ರಿಗೆ ಕೋವಿಡ್ ಬಂದು ವಾಸಿ ಆಗೈತೆ, ಮಾಸ್ಕ್ ಕಿಟ್ ನಾವೇ ಕೊಡ್ತೀವಿ." ಡ್ಯೂಟಿ ಡಾಕ್ಟ್ರು ಒಂದನೇ ಸಾಲು ಓದಿ ಸುಮ್ನಾದ್ರು, ಒಂದು ತಾಸಿಗೆ ಅಕ್ಕನ್ನ ಒಳಗೆ ಬಿಟ್ರು. ಒಳಗೆ ಹೋಗೋರು ಖುಷಿಯಿಂದ ಒಪ್ಪಿರ್ಬೇಕು, ಇಲ್ಲಾಂದ್ರೆ ನಾವೇ ಹೋಗ್ಬೇಕು, ಕೆಲಸದೋರು ಅಂತ ತಳ್ಳೋದಲ್ಲ.

ಸರ್ಕಾರದ ಕಡೆ ಕೆಲ್ಸನೂ ಈಗ್ಲೇ ಮುಗಿಸ್ಕೊಳ್ರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಕೊಂಡಿರ್ಬೇಕು, ಅಣ್ಣನ ಹೆಸರು ಸೇರ್ಸ್ರಿ ಅಂತ ಡಿಸಿ ಆಫೀಸಿಗೆ ಅರ್ಜಿ ಕೊಟ್ಟು ಮೊಹರು ಹಾಕ್ಸಿ ಕಾಪಿ ಇಟ್ಕೊಂಡಿದೀನಿ. ಹಳ್ಳಿಯೋರು ಪಂಚಾಯ್ತಿಯ ವಿಆರ್‌ಡಬ್ಲ್ಯೂ, ತಾಲೂಕಿನ ಎಂಆರ್‌ಡಬ್ಲ್ಯೂ (ವಿಕಲಚೇತನರಿಗೇ ಅಂತ ಇರೋ ಪುನರ್ವಸತಿ ಕಾರ್ಯಕರ್ತರು) ನಂಬರ್ ಇಟ್ಕೊಳ್ರಿ, ಜಗಳೂರು ಕಡೆ ನಮ್ಮ ನೆಂಟ್ರಿಗೆ ಪಾಸು ರೇಷನ್ನು ಎರಡೂ ಅವ್ರಿಂದ್ಲೇ ಆಗಿದ್ದು. ಮನೆಗೇ ಬಂದು ಲಸಿಕೆ ಹಾಕೋದನ್ನ ಕೇಂದ್ರ 2021ರ ಸೆಪ್ಟೆಂಬರ್‌ನಾಗೆ ಹೇಳಿತ್ತು, ಕೇಳಿದೋರಿಗೆ ಸಿಕ್ತು. ನಂಬರ್ ಬೇಕಂದ್ರೆ ಆರೋಗ್ಯಕ್ಕೆ 104, ಆಂಬುಲೆನ್ಸಿಗೆ 108, ಮನಸ್ಸು ಕುಗ್ಗಿದ್ರೆ ಟೆಲಿ ಮಾನಸ್ 14416, ಈ ಕೊನೇದು ಆಯಾಗೂ ಕೊಡ್ರಿ.

ವಸತಿ ಕೇಂದ್ರದಾಗೆ ನಿಮ್ಮೋರು ಇದ್ರೆ ಒಂದು ಮಾತು. ಭೇಟಿ ಬಂದ್ ಆದಾಗ ಒಳಗೆ ಏನ್ ನಡೀತೈತೆ ಅಂತ ಹೊರಗಿನೋರಿಗೆ ಗೊತ್ತಾಗಲ್ಲ. ವಾರಕ್ಕೆರಡು ಸಲ ವಿಡಿಯೋ ಕಾಲ್ ಹಟ ಹಿಡಿದು ಕೇಳ್ರಿ, ಬೇರೆ ಬೇರೆ ಹೊತ್ತಾಗೆ, ಮುಖ ಅಷ್ಟೇ ಅಲ್ಲ, ಕೈ, ತೋಳು, ಬೆನ್ನೂ ತೋರ್ಸಾಕೆ ಹೇಳ್ರಿ. ಒಳ್ಳೇ ಸ್ಟಾಫ್ ಇದ್ರೆ ಬೇಜಾರಾಗಲ್ಲ.

ನಮ್ಮನೆಯಾಗೆ ಹಾಳೆ ತಿದ್ದೋದು ಒಂದನೇ ತಾರೀಖು, ಸಂಬಳ ಕೊಡೋ ದಿನನೇ. ಹೋದ ತಿಂಗ್ಳು ಅಕ್ಕ ಪೆನ್ ಇಸ್ಕೊಂಡು "ಬೆಲ್ಲದ ಪಾನಕ" ಅನ್ನೋದನ್ನ ಹೊಡೆದುಹಾಕಿ "ಮಜ್ಜಿಗೆ" ಅಂತ ಬರೆದ್ರು. ಯಾಕ್ರಿ ಅಂದ್ರೆ, ನೀವು ಮನೆಯಾಗೆ ಇದ್ದಿದ್ರೆ ಗೊತ್ತಾಗಿರೋದು, ಎರಡು ವಾರದಿಂದ ಪಾನಕ ಉಗಿತಾವ್ರೆ ಅಂದ್ರು.