ಒಡೆದ ಲೈನಿಂಗ್ ಮುಂದೆ ಪಾಠ: ನನ್ನ ಅನುಭವ

‘ಲೈನಿಂಗ್ ಬಡಿಯುವವನಿಗೆ ತರಬೇತಿ ಯಾಕೆ? ತೋಳಿನಲ್ಲಿ ಕಸುವಿದ್ದರೆ ಸಾಕು’ ಎಂದು ನಕ್ಕಿದ್ದ ಬೆಳಗಾವಿ ಉದ್ಯಮಬಾಗದ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ಮಾಲೀಕರೇ ಈಗ ಹುಡುಗರನ್ನು ನನ್ನ ಬಳಿ ಕಳುಹಿಸುತ್ತಿದ್ದಾರೆ. ಲೈನಿಂಗ್ ಎಂದರೆ ಲೋಹ ಕರಗಿಸುವ ವಿದ್ಯುತ್ ಕುಲುಮೆಯ ಒಳಗೆ ಬಡಿದು ಕೂರಿಸುವ, ಬಿಸಿ ತಡೆಯುವ ಪದರ; ಅದನ್ನು ಹಾಕುವುದನ್ನೇ ನಾನು ಕಲಿಸುವುದು. ಎಂಜಿನಿಯರುಗಳು ಕಲಿಯಲು ಕೋಲ್ಕತ್ತದ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಇದೆ, ವಾರಾಣಸಿಯ ಐಐಟಿಯಲ್ಲಿ ಸೆರಾಮಿಕ್ ಎಂಜಿನಿಯರಿಂಗ್ ವಿಭಾಗವಿದೆ. ಫಾರ್ಮರ್ (ಲೈನಿಂಗ್‌ಗೆ ಒಳ ಆಕಾರ ಕೊಡುವ ಉಕ್ಕಿನ ಅಚ್ಚು) ಸುತ್ತ ಮಾಸ್ (ಲೈನಿಂಗ್ ಆಗುವ ಕ್ವಾರ್ಟ್ಸ್ ಪುಡಿ) ಸುರಿಯುವವನು ಎಲ್ಲಿಗೆ ಹೋಗಬೇಕು?

ಮೊದಲ ತಂಡಕ್ಕೆ ಬಾಡಿಗೆ ಹಾಲ್, ಪ್ರೊಜೆಕ್ಟರ್, ಊಟ, ಹೊರಗಿನಿಂದ ಬಂದ ತಜ್ಞರು ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಶುಲ್ಕದಿಂದ ಅರ್ಧವೂ ಹುಟ್ಟಲಿಲ್ಲ. ತಜ್ಞರು ಇಂಗ್ಲಿಷಿನಲ್ಲಿ ಫೇಸ್ ಡಯಾಗ್ರಾಂ (ಎಷ್ಟು ಬಿಸಿಯಲ್ಲಿ ವಸ್ತು ಯಾವ ಸ್ಥಿತಿಯಲ್ಲಿರುತ್ತದೆಂಬ ನಕ್ಷೆ) ಬಿಡಿಸಿದರು. ಊಟವಾದ ಮೇಲೆ ಬೆಂಚುಗಳು ಖಾಲಿ. ಮುಂದಿನದನ್ನು ಒಂದು ಕಾರ್ಖಾನೆಯೊಳಗೇ ಮಾಡಿದೆ. ಕಲಿತ ಇಬ್ಬರು ಎರಡು ಸಾವಿರ ಹೆಚ್ಚಿಗೆ ಸಿಕ್ಕಿತೆಂದು ಪಕ್ಕದ ಫೌಂಡ್ರಿ ಸೇರಿದರು. ಮಾಲೀಕರು ಬಾಕಿ ಹಣ ಇಂದಿಗೂ ಕೊಟ್ಟಿಲ್ಲ.

ಆಮೇಲೆ ಹಾಲ್ ಬಿಟ್ಟೆ. ಹಳೆಯ ಲೈನಿಂಗ್ ಒಡೆಯುವ ದಿನವೇ ನನ್ನನ್ನು ಕರೆಯಿರಿ ಎಂದೆ. ಸ್ಲ್ಯಾಗ್ (ಕರಗಿದ ಲೋಹದ ಮೇಲೆ ತೇಲುವ ಕಿಟ್ಟ) ನಿಲ್ಲುವ ಎತ್ತರದಿಂದ, ನಡುವಿನಿಂದ, ತಳ ಮತ್ತು ಗೋಡೆ ಕೂಡುವ ಮೂಲೆಯಿಂದ ತುಂಡುಗಳನ್ನು ತೆಗೆಸಿ ಹುಡುಗರಿಂದಲೇ ಅಳೆಸುತ್ತೇನೆ: ಒಳಮೈಯ ಗಟ್ಟಿ ಪದರ ಎಷ್ಟು, ಅರ್ಧ ಬೆಂದದ್ದು ಎಷ್ಟು, ಕಾಯಿಲ್ (ಲೈನಿಂಗ್ ಹಿಂದೆ ಸುತ್ತಿದ, ಒಳಗೆ ನೀರು ಹರಿಯುವ ತಾಮ್ರದ ಕೊಳವೆ) ಕಡೆ ಸಡಿಲ ಪುಡಿ ಉಳಿದಿದೆಯೇ? ಪುಡಿ ಮುಗಿದು ಹಿಂದಿನವರೆಗೂ ಗಟ್ಟಿಯಾಗಿದ್ದರೆ, ಬಿರುಕಿನಲ್ಲಿ ಲೋಹ ಕಾಯಿಲ್‌ಗೆ ನೇರ ದಾರಿ ಹಿಡಿಯುತ್ತದೆ. ಇದನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಎರಡನೆಯ ಸಲ ಹೇಳಬೇಕಾಗಿ ಬಂದಿಲ್ಲ.

ಜೊತೆಗೆ ಒಂದು ಸಣ್ಣ ಮಫಲ್ ಒಲೆ (ಮುಚ್ಚಿದ ಪೆಟ್ಟಿಗೆಯಂಥ ಪರೀಕ್ಷಾ ಒಲೆ) ಇದೆ. ಗಟ್ಟಿ ಕ್ವಾರ್ಟ್ಸ್ ಹರಳುಗಳನ್ನು ಒಂದು ಸಲ ನಿಧಾನವಾಗಿ, ಇನ್ನೊಂದು ಸಲ ಭರದಿಂದ, ಕ್ವಾರ್ಟ್ಸ್ ಹಠಾತ್ತನೆ ಹಿಗ್ಗುವ 573 ಡಿಗ್ರಿ ದಾಟಿಸುತ್ತೇವೆ. ಎರಡನೆಯದು ಸಿಡಿಯುವ ಸದ್ದು ಕೇಳಿದರೆ ಸಿಂಟರಿಂಗ್‌ನಲ್ಲಿ (ಹೊಸ ಲೈನಿಂಗ್ ಕಾಯಿಸಿ ಗಟ್ಟಿ ಮಾಡುವಾಗ) ಯಾರೂ ಪವರ್ ನಾಬ್ ಅವಸರದಿಂದ ತಿರುಗಿಸುವುದಿಲ್ಲ. ಮಾಸ್ ಬೆಸೆಯಲು ಸೇರಿಸುವ ಬೋರಿಕ್ ಆಸಿಡ್ ಶೇ 1ರ ಆಸುಪಾಸಿನದೂ ಅದರ ದುಪ್ಪಟ್ಟಿನದೂ ಪಕ್ಕಪಕ್ಕದಲ್ಲಿ ಸುಟ್ಟು ತೋರಿಸುತ್ತೇನೆ. ಸುರಿದ ಮಾಸ್‌ನ ಗಾಳಿ ತೆಗೆಯಲು ಫೋರ್ಕ್ (ಹಲ್ಲುಗಳಿರುವ ಉದ್ದ ಸಲಾಕೆ) ಹೊಡೆಯುವ ಸುತ್ತುಗಳ ಕ್ರಮವನ್ನು ಮಾತ್ರ ಇಲ್ಲಿ ಬರೆಯಲಾರೆ, ಅದು ನನ್ನ ಹೊಟ್ಟೆಪಾಡು.

ನಡುವೆ ಗಂಗಾವತಿಯ ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ತರಿಸಿ ಲ್ಯಾಡಲ್‌ನ (ಕರಗಿದ ಲೋಹ ಒಯ್ಯುವ ಪಾತ್ರೆ) ಹಿಂಬದಿ ಕಾಸ್ಟೇಬಲ್‌ಗೆ (ಕಾಂಕ್ರೀಟಿನಂತೆ ಕಲಸಿ ಹಾಕುವ, ಬಿಸಿ ತಡೆಯುವ ಮಿಶ್ರಣ) ಬೆರೆಸಿ ನೋಡಿದೆವು. ಹೊರಕವಚದ ಬಿಸಿ ಮೂವತ್ತು ಡಿಗ್ರಿಯಷ್ಟು ಇಳಿದಂತೆ ಕಂಡಿತು. ಬಲ ಮಾತ್ರ ಉಳಿಯಲಿಲ್ಲ, ಉಗುರಿನಿಂದ ಕೆರೆದರೂ ಉದುರುತ್ತಿತ್ತು. ಉಳಿದ ಬೂದಿಯನ್ನು ಕರಗಿದ ಲೋಹದ ಮೇಲೆ ಹೊದಿಸಲು ಬಳಸಿದೆವು. ಅಲ್ಲಿ ಅದು ಒಳ್ಳೆಯ ಸರಕು.

ಈಗಿನ ಶುಲ್ಕ ತಲೆಗೆ 2,500 ರೂಪಾಯಿ. ಮೂರನೆಯ ಒಂದು ಪಾಲನ್ನು ಮುಂದಿನ ಲೈನಿಂಗ್ ಎಷ್ಟು ಹೀಟ್ (ಒಂದು ಸಲ ಲೋಹ ಕರಗಿಸಿ ಸುರಿಯುವುದು ಒಂದು ಹೀಟ್) ಬಾಳಿತೆಂದು ನೋಡಿಯೇ ಪಡೆಯುತ್ತೇನೆ. ಈ ಷರತ್ತಿಗೇ ಮಾಲೀಕರು ಒಲಿದದ್ದು. ನೂರಾ ಹತ್ತರ ಸುತ್ತ ಗಿರಕಿ ಹೊಡೆಯುತ್ತಿದ್ದ ಒಂದು ಕುಲುಮೆ ಈಗ ನೂರಾ ಅರವತ್ತು ದಾಟುತ್ತಿದೆ, ಅದೇ ಮಾಸ್, ಅದೇ ಹುಡುಗರು. ಆ ಮಾಲೀಕರು ಕೊನೆಯ ಪಾಲನ್ನು ಕೇಳುವ ಮೊದಲೇ ಕೊಟ್ಟರು, ತಮ್ಮ ಲ್ಯಾಡಲ್ ತಂಡದವರ ಹೆಸರನ್ನೂ ತರಬೇತಿಗೆ ಬರೆಸಿದರು.