ಟೋಕನ್ ಕೊಡುವ ಮುಂಚೆ: ಹಳೇ ಲಕ್ಷುರಿ ಎಸ್‌ಯುವಿ ನೋಡುವುದು ಹೇಗೆ?

80 ಲಕ್ಷದ ಗಾಡಿ ಏಳೆಂಟು ವರ್ಷ ಕಳೆದ ಮೇಲೆ 25 ಲಕ್ಷಕ್ಕೆ ಸಿಕ್ಕರೆ ಆಸೆ ಹುಟ್ಟುವುದು ಸಹಜ. ಆದರೆ ಅದರ ಪಾರ್ಟ್‌ಗಳಿಗೆ ಇವತ್ತಿಗೂ 80 ಲಕ್ಷದ ಗಾಡಿಯ ರೇಟೇ. ಸನ್‌ರೂಫ್, ಲೆದರ್ ಸೀಟು ನೋಡಿ ಅರ್ಧ ಗಂಟೆಯಲ್ಲಿ ಟೋಕನ್ (ಮುಂಗಡ) ಕೊಟ್ಟು ಬಂದ ಮೂವರು ನನ್ನ ಪರಿಚಯದಲ್ಲೇ ಇದ್ದಾರೆ. ಮೂವರೂ ಆಮೇಲೆ ತಿಂಗಳುಗಟ್ಟಲೆ ಗ್ಯಾರೇಜಿಗೆ ಅಲೆದರು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

1. ಕಾಗದ ಪತ್ರ

ಇದು ಮನೆಯಲ್ಲೇ ಕೂತು ಮಾಡುವ ಕೆಲಸ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಎಷ್ಟನೇ ಓನರ್, ಸಾಲ ಬಾಕಿ ಇದೆಯಾ ನೋಡಿ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರ್ ಬರೆದಿಟ್ಟುಕೊಳ್ಳಿ, ಗಾಡಿ ಮೇಲಿನದಕ್ಕೆ ಹೋಲಿಸಲು ಬೇಕು. ಹಿಂದಿನ ಇನ್ಶೂರೆನ್ಸ್ ಪಾಲಿಸಿಯ ಕಾಪಿ ಕೇಳಿ. ಒಬ್ಬನೇ ಓನರ್ ಕೈಯಲ್ಲಿ ಐದಾರು ವರ್ಷ ಇದ್ದ ಗಾಡಿಗೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಶೇ 50ರ ಹತ್ತಿರ ಇರಬೇಕು. ಸೊನ್ನೆ ಇದ್ದರೆ ಕ್ಲೇಮ್ ಆಗಿರುವ ಸಾಧ್ಯತೆ ಜಾಸ್ತಿ. ಯಾತಕ್ಕೆ ಅಂತ ನೇರವಾಗಿ ಕೇಳಿ.

ದೆಹಲಿ ಗಾಡಿಯ ಬಗ್ಗೆ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿದ ಮೇಲೆ ತುಂಬಾ ಗಾಡಿಗಳು ದಕ್ಷಿಣಕ್ಕೆ ಇಳಿದವು. ರೇಟು ಕಡಿಮೆ, ನಿಜ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕರ್ನಾಟಕದಲ್ಲಿ ಮತ್ತೆ ರಿಜಿಸ್ಟರ್ ಮಾಡಿಸುವಾಗ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದರ ಲೆಕ್ಕ ನೀವು ಕೊಟ್ಟ ಬೆಲೆ ಮೇಲಲ್ಲ, ಹೊಸದರಲ್ಲಿ ಗಾಡಿಗಿದ್ದ ಬೆಲೆ ಮೇಲೆ. ಗಾಡಿಯ ವಯಸ್ಸಿಗೆ ತಕ್ಕಂತೆ ಶೇಕಡಾವಾರು ಇಳಿಯುತ್ತದೆ, ಆದರೂ ಮೊತ್ತ ದೊಡ್ಡದೇ. ಆರ್‌ಟಿಒದಲ್ಲಿ ವಿಚಾರಿಸಿ, ಆ ಮೊತ್ತ ಸೇರಿಸಿಯೇ ರೇಟು ಮಾತಾಡಿ.

2. ಬೆಳಿಗ್ಗೆ ಏಳಕ್ಕೆ ಹೋಗಿ, ಅಳತೆ ಟೇಪ್ ಇರಲಿ

ಎಲ್ಲರೂ ಎಡವುವುದು ಇಲ್ಲೇ. ಇಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಏರ್ ಸಸ್ಪೆನ್ಷನ್ ಇರುತ್ತದೆ. ಕಬ್ಬಿಣದ ಸ್ಪ್ರಿಂಗ್ ಬದಲು ರಬ್ಬರ್ ಚೀಲದಲ್ಲಿ ಗಾಳಿ. ರಬ್ಬರ್ ವಯಸ್ಸಾದಂತೆ ಬಿರುಕು ಬಿಡುತ್ತದೆ, ಗಾಳಿ ನಿಧಾನಕ್ಕೆ ಸೋರುತ್ತದೆ. ಆ ಸೋರಿಕೆ ತುಂಬಿಸಲು ಕಂಪ್ರೆಸರ್ ಪದೇ ಪದೇ ಓಡಿ ಓಡಿ ಕೊನೆಗೆ ಸುಟ್ಟು ಹೋಗುತ್ತದೆ. ಹಾಗಾಗಿ ಒಂದು ಚೀಲದ ಖರ್ಚು ಒಂದಕ್ಕೇ ನಿಲ್ಲುವುದಿಲ್ಲ.

ನನ್ನ ಅಕ್ಕನ ಮಗ ಭಾನುವಾರ ಮಧ್ಯಾಹ್ನ ಗಾಡಿ ನೋಡಲು ಹೋಗಿದ್ದ. ಇವನು ಬರುವ ಹೊತ್ತಿಗೆ ಬ್ರೋಕರ್ ಎಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ ತಂಪು ಮಾಡಿಟ್ಟಿದ್ದ. ಗಾಡಿ ಎದೆಯುಬ್ಬಿಸಿ ನಿಂತಿತ್ತು. ಮನೆಗೆ ತಂದ ಮಾರನೇ ಬೆಳಿಗ್ಗೆ ನೋಡಿದರೆ ಮುಂದಿನ ಎಡಗಡೆ ಚಕ್ರ ಅರ್ಧ ಒಳಗೆ ಮುಳುಗಿತ್ತು, ಕಾಲು ಮಡಚಿ ಕೂತ ಎಮ್ಮೆಯ ಹಾಗೆ. ಬ್ರೋಕರ್‌ಗೆ ಫೋನ್ ಮಾಡಿದರೆ, “ಸಾರ್, ಇವು ನಿಂತಾಗ ಸ್ವಲ್ಪ ಕೂರ್ತವೆ, ನಾರ್ಮಲ್ಲು” ಅಂದ. ನಾರ್ಮಲ್ ಅಲ್ಲ. ಗಟ್ಟಿಮುಟ್ಟಾದ ಗಾಡಿ ಒಂದು ರಾತ್ರಿಗೆ ಹಾಗೆ ಕುಸಿಯುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಹಿಂದಿನ ಸಂಜೆಯೇ ಫೋನ್ ಮಾಡಿ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಬೆಳಿಗ್ಗೆವರೆಗೂ ಮುಟ್ಟಬೇಡಿ ಎಂದು ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮ್ಮ ಮಾತು ಕೇಳಿಲ್ಲ ಎಂದರ್ಥ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದರೆ, ಅವರು ಕೀ ಒತ್ತುವ ಮುಂಚೆಯೇ ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಬಾಗಿಲು ತೆಗೆದ ಕೂಡಲೇ ಸಸ್ಪೆನ್ಷನ್ ಎಚ್ಚರವಾಗಿ ಎತ್ತರ ಸರಿ ಮಾಡಿಕೊಳ್ಳುತ್ತದೆ. ಚಕ್ರದ ನಟ್ಟನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ನಾನು ಮುಂದೆ ಮಾತಾಡುವುದೇ ಇಲ್ಲ. ಆಮೇಲೆ ಸ್ಟಾರ್ಟ್ ಮಾಡಿ, ಪೂರ್ತಿ ಕೆಳಗಿಳಿಸಿ, ಪೂರ್ತಿ ಮೇಲೆತ್ತಿ. ಎರಡೂ ಬದಿ ಒಟ್ಟಿಗೆ ಏಳಬೇಕು. ಕಂಪ್ರೆಸರ್ ಸದ್ದು ಸ್ವಲ್ಪ ಹೊತ್ತಿಗೆ ನಿಲ್ಲಬೇಕು.

“ಏರ್ ತೆಗೆಸಿ ಕಾಯಿಲ್ ಸ್ಪ್ರಿಂಗ್ ಕಿಟ್ ಹಾಕಿಸಿಬಿಡಿ, ಅಗ್ಗ” ಎನ್ನುವವರು ಸಿಗುತ್ತಾರೆ. ಬೇಡ. ಗಾಡಿ ನಡೆಯುವ ರೀತಿಯೇ ಕೆಡುತ್ತದೆ. ಕಿಟ್ ಈಗಾಗಲೇ ಹಾಕಿಸಿದ್ದ ಗಾಡಿಯನ್ನಂತೂ ತೆಗೆದುಕೊಳ್ಳಲೇಬೇಡಿ.

3. ನೀರು ಕುಡಿದಿದೆಯಾ?

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಯಮಲೂರು ಕಡೆ ಲಕ್ಷುರಿ ಕಾರುಗಳು ನೀರಲ್ಲಿ ಮುಳುಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಚೆನ್ನೈಯಲ್ಲಿ 2015ರಲ್ಲೂ 2023ರಲ್ಲೂ ಅದೇ ಆಯಿತು. ಅಂಥ ಗಾಡಿಗಳನ್ನೂ ತೊಳೆದು ಒರೆಸಿ ಮಾರುವವರಿದ್ದಾರೆ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸಾಮಾನ್ಯವಾಗಿ ಹೊರಗೆ ಬಾರದ ಆ ಕೊನೆಯ ಮೊಳವನ್ನು ಒದ್ದೆ ಬಿಳಿ ಕರ್ಚೀಫಿನಿಂದ ಒತ್ತಿ ಒರೆಸಿ. ಕರ್ಚೀಫು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದರೆ ಅದಕ್ಕಿಂತ ಸಾಕ್ಷಿ ಬೇಡ. ಸೀಟಿನ ಕೆಳಗೆ ಟಾರ್ಚ್ ಹಾಕಿ, ಸೀಟು ಹಿಂದೆ ಮುಂದೆ ಜಾರುವ ಹಳಿಯ ಬೋಲ್ಟ್‌ಗಳಲ್ಲಿ ತುಕ್ಕು ಇದೆಯಾ ನೋಡಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಬೆರಳಾಡಿಸಿ. ಈ ಗಾಡಿಗಳಲ್ಲಿ ಬ್ಯಾಟರಿ, ಕಂಟ್ರೋಲ್ ಯೂನಿಟ್‌ಗಳು ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇರುತ್ತವೆ. ನೀರು ಮೊದಲು ಹಿಡಿಯುವುದೇ ಅವನ್ನು. ಒಳಗೆ ಪರ್ಫ್ಯೂಮ್ ಘಾಟು ಜಾಸ್ತಿ ಇದ್ದರೆ ನನಗಂತೂ ಅನುಮಾನ ಬರುತ್ತದೆ.

4. ಸ್ಕ್ಯಾನರ್

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್‌ಗಳನ್ನು ಓದುವ ಸಾಧನವೇ ಸ್ಕ್ಯಾನರ್. ಆನ್‌ಲೈನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ನಂಬಿ ಕೂರಬೇಡಿ. ಅವು ಹೆಚ್ಚಾಗಿ ಎಂಜಿನ್ ಒಂದನ್ನೇ ಓದುತ್ತವೆ. ಸಸ್ಪೆನ್ಷನ್, ಗೇರ್‌ಬಾಕ್ಸ್, ಏರ್‌ಬ್ಯಾಗ್ ಅವುಗಳ ಕೈಗೆ ಎಟುಕುವುದಿಲ್ಲ. ಒಂದಕ್ಕೆ ಮಾತ್ರ ಉಪಯೋಗ: ‘ರೆಡಿನೆಸ್’ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯಾ ಎಂಬ ಗುರುತು) ಅಪೂರ್ಣ ಎಂದು ತೋರಿಸಿದರೆ, ಯಾರೋ ಇತ್ತೀಚೆಗೆ ದೋಷದ ಕೋಡ್‌ಗಳನ್ನು ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು. ಪೂರ್ತಿ ಸ್ಕ್ಯಾನ್‌ಗೆ ಕಂಪನಿ ಸರ್ವಿಸ್ ಸೆಂಟರಿಗೋ, ಆ ಬ್ರಾಂಡಿನ ಕೆಲಸವನ್ನೇ ಮಾಡುವ ಗ್ಯಾರೇಜಿಗೋ ಒಯ್ಯಿರಿ. ಚಾಸಿ ನಂಬರ್ ಕೊಟ್ಟು ಸರ್ವಿಸ್ ಹಿಸ್ಟರಿ ಕೇಳಿ, ಮೀಟರ್ ತಿರುಗಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಲಿಫ್ಟ್ ಮೇಲೆ ಏರಿಸಿದಾಗ ಏರ್ ಚೀಲಗಳಿಗೆ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಏಳುತ್ತದಾ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

5. ಓಡಿಸಿ ನೋಡುವುದು

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೂ ತೊಂದರೆಯೇ. ಟೈರ್ ಮೇಲಿನ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರ. ಫೋರ್‌ವೀಲ್ ಡ್ರೈವ್ ಗಾಡಿಗೆ ನಾಲ್ಕೂ ಒಂದೇ ಥರದ್ದಿರಬೇಕು. ಟ್ರಾಫಿಕ್ಕಿನಲ್ಲೊಮ್ಮೆ, ಖಾಲಿ ರಸ್ತೆಯಲ್ಲೊಮ್ಮೆ ಓಡಿಸಿ.

ಟೋಕನ್ ಕೊಡುವಾಗ ರಸೀದಿಯಲ್ಲಿ “ತಪಾಸಣೆಯಲ್ಲಿ ದೋಷ ಕಂಡರೆ ಹಣ ವಾಪಸ್” ಎಂದು ಬರೆಸಿ, ಸಹಿ ಹಾಕಿಸಿ. ಎರಡನೇ ಕೀ ಕೇಳಿ, ಅದರಲ್ಲೂ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ.